ಕರೆಂಟು ಹೋದಾಗ: ಜನರೇಟರಿಗೆ ಯಾವ ಎಣ್ಣೆ?



ಮಲೆನಾಡಿನಲ್ಲಿರುವ ನಮಗೆ ಮಳೆಗಾಲ ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಗಾಳಿ ಎದ್ದರೆ ಎಲ್ಲೋ ಒಂದು ಕಡೆ ಮರ ಲೈನಿನ ಮೇಲೆ ಬೀಳುತ್ತದೆ, ಕಂಬ ಮುರಿಯುತ್ತದೆ. ಮೆಸ್ಕಾಂನವರು ಮಳೆಯಲ್ಲೇ ನೆನೆದುಕೊಂಡು ಬಂದು ಸರಿ ಮಾಡುವಷ್ಟರಲ್ಲಿ ಒಂದು ದಿನ ಆಗಬಹುದು, ಮೂರು ದಿನವೂ ಆಗಬಹುದು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮಲ್ಲಿ ಅನೇಕರ ಮನೆಯ ಬಿಲ್ಲು ಸೊನ್ನೆಯಾಯಿತು, ನಿಜ. ಆದರೆ ತಂತಿಯಲ್ಲಿ ಕರೆಂಟೇ ಇಲ್ಲದ ದಿನ ಬಿಲ್ಲು ಸೊನ್ನೆಯಾಗಿ ಏನು ಪ್ರಯೋಜನ?

ಕಳೆದ ಒಕ್ಕೂಟ ಸಭೆಯಲ್ಲಿ ದೋಸೆ ಹಿಟ್ಟು ಮಾಡಿ ಅಂಗಡಿಗಳಿಗೆ ಹಾಕುವ ಸಂಘವೊಂದರ ಅಧ್ಯಕ್ಷೆ ಎದ್ದು ನಿಂತು ಹೇಳಿದರು: "ಹೋದ ಮಳೆಗಾಲದಲ್ಲಿ ನೆನೆಸಿಟ್ಟ ಅಕ್ಕಿ, ಉದ್ದು ಎರಡು ಸಲ ಹುಳಿ ಬಂದು ಕೊಟ್ಟಿಗೆಗೆ ಸುರಿದ್ವಿ. ಪೇಟೆಯಲ್ಲಿ ಒಬ್ರು ಹಳೇ ಸೀಮೆಎಣ್ಣೆ ಜನರೇಟರು 18,000ಕ್ಕೆ ಕೊಡ್ತಾರಂತೆ. ಸಂಘದಲ್ಲಿ ಸಾಲ ತೆಗೆದು ತಗೊಳ್ಳೋಣ್ವಾ?" ಇನ್ನೊಬ್ಬರು, "ಬೇಡ ಅಕ್ಕಾ, ತಗೊಂಡ್ರೆ ಡೀಸೆಲ್ಲೇ ತಗೊಳ್ಳಿ, ಎಸ್ಟೇಟಿನಲ್ಲೆಲ್ಲ ಅದೇ ಇರೋದು" ಎಂದರು. ಹಿಂದಿನ ಸಾಲಿನಿಂದ ಮತ್ತೊಂದು ದನಿ: "ಈಗ ಗ್ಯಾಸಿನದ್ದೂ ಬಂದಿದೆಯಂತಲ್ಲ?" ಅರ್ಧ ಗಂಟೆ ಮಾತಾಯಿತು, ಟೀ ಬಂತು, ತೀರ್ಮಾನ ಬರಲಿಲ್ಲ. ನಡಾವಳಿ ಪುಸ್ತಕದಲ್ಲಿ "ವಿಷಯ ತಿಳಿದುಕೊಂಡು ಮುಂದಿನ ಸಭೆಯಲ್ಲಿ ಚರ್ಚಿಸುವುದು" ಎಂದು ಬರೆದೆವು. ಆ ತಿಳಿದುಕೊಂಡದ್ದನ್ನೇ ಈ ತಿಂಗಳ ಪಾಠವಾಗಿ ಕೊಡುತ್ತಿದ್ದೇವೆ.

ಮೊದಲು ಕೇಳಬೇಕಾದ ಪ್ರಶ್ನೆ ಎಣ್ಣೆಯದ್ದಲ್ಲ

ಕರೆಂಟು ಹೋದಾಗ ನಮಗೆ ಏನು ನಡೆಯಬೇಕು? ನಾಲ್ಕು ಬಲ್ಬು, ಒಂದು ಫ್ಯಾನು, ಮೊಬೈಲ್ ಚಾರ್ಜು, ಮಕ್ಕಳ ಓದು ಇಷ್ಟೇ ಆದರೆ ಜನರೇಟರಿನ ಸುದ್ದಿಗೇ ಹೋಗಬೇಡಿ. ಎಲ್‌ಇಡಿ ಬಲ್ಬೊಂದಕ್ಕೆ 9 ಅಥವಾ 10 ವ್ಯಾಟ್, ಸಾಧಾರಣ ಫ್ಯಾನಿಗೆ 75 ವ್ಯಾಟ್. ಎಲ್ಲಾ ಸೇರಿದರೂ 120 ವ್ಯಾಟ್ ಆಸುಪಾಸು. 150 ಎ.ಎಚ್. ಬ್ಯಾಟರಿಯ ಒಂದು ಇನ್ವರ್ಟರ್ ಇದನ್ನು ಏಳೆಂಟು ಗಂಟೆ ಎಳೆಯುತ್ತದೆ. ಸದ್ದಿಲ್ಲ, ಹೊಗೆಯಿಲ್ಲ, ನಡುರಾತ್ರಿ ಎದ್ದು ಹಗ್ಗ ಎಳೆಯುವ ಕೆಲಸವೂ ಇಲ್ಲ. ಬ್ಯಾಟರಿಯ ನೀರನ್ನು ಮಾತ್ರ ಆಗಾಗ ನೋಡಬೇಕು. ಡಿಸ್ಟಿಲ್ಡ್ ವಾಟರ್ ಹಾಕಬೇಕು, ಬಾವಿ ನೀರಲ್ಲ.

ಇಲ್ಲೊಂದು ಮಾತು. ಈಗ ಮಾಡಿನ ಮೇಲೆ ಸೋಲಾರ್ ಹಾಕಿಸಿಕೊಳ್ಳುವವರು ಹೆಚ್ಚಾಗಿದ್ದಾರೆ. 'ಸೋಲಾರ್ ಇದೆ, ಇನ್ನು ಕರೆಂಟು ಹೋದರೂ ಚಿಂತೆಯಿಲ್ಲ' ಎಂದು ಅನೇಕರು ತಿಳಿದಿದ್ದಾರೆ. ಬ್ಯಾಟರಿ ಇಲ್ಲದೆ ನೇರವಾಗಿ ಲೈನಿಗೆ ಜೋಡಿಸಿದ ಸೋಲಾರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಕಂಬದ ಮೇಲೆ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದೆಂದು ಅದನ್ನು ಹಾಗೆಯೇ ಮಾಡಿರುತ್ತಾರೆ. ಹಾಕಿಸುವ ಮುಂಚೆ ಈ ಪ್ರಶ್ನೆ ಕೇಳಿ.

ಗ್ರೈಂಡರ್, ಫ್ರಿಜ್, ನೀರಿನ ಪಂಪು ನಡೆಯಬೇಕಾದರೆ ಮಾತು ಬೇರೆ. ಇವೆಲ್ಲ ಮೋಟರಿನವು. ಮೋಟರು ಶುರುವಾಗುವ ಆ ಒಂದು ಗಳಿಗೆಯಲ್ಲಿ ನಡೆಯುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಒಂದು ಎಚ್.ಪಿ. ಗ್ರೈಂಡರಿಗೆ ಲೆಕ್ಕದಲ್ಲಿ 750 ವ್ಯಾಟ್. ಹಾಗಂತ ಒಂದು ಕೆ.ವಿ.ಎ. ಜನರೇಟರ್ ತಂದರೆ ಅದು ಕೆಮ್ಮಿ ನಿಂತುಹೋಗುತ್ತದೆ. ಹಿಟ್ಟಿನ ಸಂಘದವರ ಲೆಕ್ಕ ಹಾಕಿದೆವು: ಗ್ರೈಂಡರ್ 750, ಫ್ರಿಜ್ 150, ಬಲ್ಬು ಫ್ಯಾನು 100. ಒಟ್ಟು ಸಾವಿರ ವ್ಯಾಟ್. ಗ್ರೈಂಡರ್ ಶುರುವಾಗುವ ಹೊಡೆತಕ್ಕೂ ಸೇರಿಸಿ ಅವರಿಗೆ ಎರಡೂವರೆಯಿಂದ ಮೂರು ಕೆ.ವಿ.ಎ. ಬೇಕಾಯಿತು. ಮೊದಲು ಗ್ರೈಂಡರ್ ಶುರು ಮಾಡಿ, ಅದು ಓಟಕ್ಕೆ ಬಿದ್ದ ಮೇಲೆ ಫ್ರಿಜ್ ಹಾಕಿದರೆ ಮೆಷಿನ್ನಿಗೂ ಸುಖ. ನಿಮ್ಮ ಗ್ರೈಂಡರಿನ ಬೆನ್ನಿಗೆ ಒಂದು ಸಣ್ಣ ತಗಡು ಹೊಡೆದಿರುತ್ತಾರೆ, ಅದರಲ್ಲಿ ಎಲ್ಲಾ ಬರೆದಿರುತ್ತದೆ. ಹಿಟ್ಟು ಮೆತ್ತಿಕೊಂಡಿದ್ದರೆ ಒರೆಸಿ ಓದಿ.

ಒಂದೊಂದೇ ಎಣ್ಣೆಯ ಗುಣ

ಸೀಮೆಎಣ್ಣೆಯಿಂದಲೇ ಶುರು ಮಾಡೋಣ, ಏಕೆಂದರೆ ಆ 18,000ದ ಮೆಷಿನ್ನು ಇನ್ನೂ ಪೇಟೆಯಲ್ಲಿ ಕಾಯುತ್ತಿದೆ. ಇಪ್ಪತ್ತು ವರ್ಷದ ಹಿಂದೆ ಅಂಗಡಿ ಅಂಗಡಿಯ ಮುಂದೆ ಇದೇ ಇತ್ತು. ಇದರಲ್ಲಿ ಎರಡು ಟ್ಯಾಂಕು. ಸಣ್ಣದರಲ್ಲಿ ಪೆಟ್ರೋಲು, ದೊಡ್ಡದರಲ್ಲಿ ಸೀಮೆಎಣ್ಣೆ. ಪೆಟ್ರೋಲಿನಲ್ಲಿ ಶುರು ಮಾಡಿ, ಇಂಜಿನ್ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಓಡಿಸಬೇಕು. ಇಲ್ಲವಾದರೆ ಮರುದಿನ ಹಗ್ಗ ಎಳೆದು ಎಳೆದು ತೋಳು ನೋಯುತ್ತದೆಯೇ ಹೊರತು ಮೆಷಿನ್ನು ಏಳುವುದಿಲ್ಲ. ಹೊಗೆಯೂ ಜಾಸ್ತಿ, ವಾಸನೆಯೂ ಜಾಸ್ತಿ. ಹಿಟ್ಟು, ತಿಂಡಿ ಮಾಡುವ ಜಾಗದ ಹತ್ತಿರಕ್ಕೆ ಇದು ಸಲ್ಲದು.

ಅದಕ್ಕಿಂತ ದೊಡ್ಡ ತೊಂದರೆ ಎಣ್ಣೆ ಎಲ್ಲಿಂದ ತರುವುದು ಎಂಬುದು. ಆಗ ರೇಷನ್ ಸೀಮೆಎಣ್ಣೆ ಅಗ್ಗ ಇತ್ತು, ಆದ್ದರಿಂದಲೇ ಈ ಮೆಷಿನ್ನುಗಳು ಓಡಿದವು. ಆ ಎಣ್ಣೆಗೆ ನೀಲಿ ಬಣ್ಣ ಹಾಕುತ್ತಿದ್ದುದು ಬೇರೆ ಕೆಲಸಕ್ಕೆ ಬಳಸಿದರೆ ಗೊತ್ತಾಗಲಿ ಎಂದು. ಅದು ಅಡಿಗೆಗೆ, ದೀಪಕ್ಕೆ ಕೊಟ್ಟದ್ದು, ಇಂಜಿನ್ನಿಗಲ್ಲ. 2020ರ ಹೊತ್ತಿಗೆ ಅದರ ಮೇಲಿನ ಸಬ್ಸಿಡಿಯೂ ಹೋಯಿತು. ಎಣ್ಣೆಯ ದಾರಿ ಗೊತ್ತಿಲ್ಲದ ಮೆಷಿನ್ನು 18,000ಕ್ಕೆ ಅಲ್ಲ, 8,000ಕ್ಕೆ ಸಿಕ್ಕರೂ ಬೇಡವೆಂದು ನಮ್ಮ ಅಭಿಪ್ರಾಯ.

ಪೆಟ್ರೋಲಿನ ಮೆಷಿನ್ನು ಹಗುರ. ಇಬ್ಬರು ಹಿಡಿದು ಎತ್ತಿ ಇಡಬಹುದು, ಹೆಂಗಸರೇ ಹಗ್ಗ ಎಳೆದು ಶುರು ಮಾಡಬಹುದು. ಕೊಳ್ಳುವ ಬೆಲೆಯೂ ಕಡಿಮೆ. ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಇಂಜಿನ್ ರಿಪೇರಿ ಮಾಡುವವರಿಗೆ ಇದರ ಕೆಲಸವೂ ಬರುತ್ತದೆ, ಹಾಗಾಗಿ ಮೆಕ್ಯಾನಿಕ್ ಹುಡುಕಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾಗಿಲ್ಲ. ಆದರೆ ಎಣ್ಣೆ ಕುಡಿಯುವುದು ಜಾಸ್ತಿ. ಎರಡೂವರೆ ಕೆ.ವಿ.ಎ. ಮೆಷಿನ್ನು ಅರ್ಧ ಭಾರದಲ್ಲಿ ಓಡಿದರೂ ಗಂಟೆಗೆ ಒಂದು ಲೀಟರ್ ಆಸುಪಾಸು ಬೇಕು ಎಂದಿಟ್ಟುಕೊಳ್ಳಿ.

ಪೆಟ್ರೋಲು ಇಟ್ಟುಕೊಳ್ಳುವುದು ಇನ್ನೊಂದು ಕಷ್ಟ. ಬಂಕಿನಲ್ಲಿ ಪ್ಲಾಸ್ಟಿಕ್ ಬಾಟಲಿಗೆ ಹಾಕಲು ಒಪ್ಪುವುದಿಲ್ಲ, ಒಪ್ಪದೇ ಇರುವುದೇ ಸರಿ. 1934ರ ಪೆಟ್ರೋಲಿಯಂ ಕಾಯಿದೆಯ ಪ್ರಕಾರ ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್‌ವರೆಗೆ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ, ಆದರೆ ಬಿಗಿಯಾದ ಮುಚ್ಚಳದ ಲೋಹದ ಕ್ಯಾನ್ ಬೇಕು. ನಮ್ಮ ಮಾತು ಕೇಳುವುದಾದರೆ ಐದು ಲೀಟರ್‌ಗಿಂತ ಹೆಚ್ಚು ಮನೆಯ ಹತ್ತಿರ ಬೇಡವೇ ಬೇಡ. ಪೆಟ್ರೋಲಿನ ಆವಿ ಕಣ್ಣಿಗೆ ಕಾಣದೆ ನೆಲದ ಮೇಲೆ ಹರಿದು ಒಲೆಯ ತನಕ ಹೋಗುತ್ತದೆ.

ಈಗಿನ ಪೆಟ್ರೋಲಿನ ಬಗ್ಗೆ ಇನ್ನೂ ಒಂದು ತಿಳಿದಿರಬೇಕು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲು ಬಂದಿದೆ. ಎಥೆನಾಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಉಪ್ಪಿನ ಡಬ್ಬಿಯೇ ನೀರಾಗುವ ನಮ್ಮ ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ಬಿಟ್ಟರೆ ಕಾರ್ಬೊರೇಟರ್ ಕಟ್ಟಿಕೊಳ್ಳುತ್ತದೆ. ಹಳೆಯ ಮೆಷಿನ್ನಿನ ರಬ್ಬರ್ ಪೈಪು ಮೆತ್ತಗಾಗಿ ಸೋರುವುದೂ ಉಂಟು. ಉಪಾಯ ಸುಲಭ. ಕೆಲಸ ಮುಗಿದ ಮೇಲೆ ಪೆಟ್ರೋಲಿನ ಕೀಲಿ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ. ಕಾರ್ಬೊರೇಟರ್ ಖಾಲಿಯಾಗುತ್ತದೆ. ಟ್ಯಾಂಕಿನಲ್ಲಿ ಉಳಿದದ್ದನ್ನು ಯಾರದಾದರೂ ಬೈಕಿಗೆ ಹಾಕಿಸಿಬಿಡಿ. ತಿಂಗಳಿಗೊಮ್ಮೆ ಹತ್ತು ನಿಮಿಷ ಮೆಷಿನ್ ಓಡಿಸಿ, ಮಳೆ ಬಂದ ದಿನವೇ ಮೊದಲ ಸಲ ಹಗ್ಗ ಎಳೆಯಬೇಡಿ.

ಡೀಸೆಲ್ ಇಂಜಿನ್ ಎತ್ತಿನ ಹಾಗೆ. ಭಾರ, ನಿಧಾನ, ಆದರೆ ದಿನವಿಡೀ ದುಡಿಯುತ್ತದೆ. ಅಷ್ಟೇ ಕೆಲಸಕ್ಕೆ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಎಣ್ಣೆ ಉಳಿಯುತ್ತದೆ, ಆಯುಸ್ಸೂ ಜಾಸ್ತಿ. ಡೀಸೆಲ್ ಪೆಟ್ರೋಲಿನಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ, ಆರು ತಿಂಗಳು ಇಟ್ಟರೂ ಸಾಮಾನ್ಯವಾಗಿ ಕೆಡುವುದಿಲ್ಲ, ನೀರು ಸೇರದಂತೆ ನೋಡಿಕೊಂಡರಾಯಿತು. ಆದರೆ ಸದ್ದು, ನಡುಕ, ಕಪ್ಪು ಹೊಗೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುವಂಥದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. 2023ರ ಜುಲೈ 1ರಿಂದ ಹೊಸ ಜನರೇಟರುಗಳ ಹೊಗೆಗೆ ಬಿಗಿಯಾದ ನಿಯಮ ಬಂದಿದೆ. ಸೆಕೆಂಡ್ ಹ್ಯಾಂಡ್ ಮೆಷಿನ್ನುಗಳು ಹೆಚ್ಚಿನವು ಅದಕ್ಕಿಂತ ಮುಂಚಿನವು, ತೆಗೆದುಕೊಳ್ಳುವ ಮುಂಚೆ ಓಡಿಸಿ ಹೊಗೆ ನೋಡಿ. ಇನ್ನೊಂದು, ದೊಡ್ಡ ಡೀಸೆಲ್ ಮೆಷಿನ್ನು ತಂದು ಬರೀ ನಾಲ್ಕು ಬಲ್ಬು ಉರಿಸಿದರೆ ಅದು ಹಾಳಾಗುತ್ತದೆ. ಕಡಿಮೆ ಭಾರದಲ್ಲಿ ಡೀಸೆಲ್ ಪೂರ್ತಿ ಉರಿಯದೆ ಒಳಗೆಲ್ಲ ಮಸಿ ಅಂಟು ಕಟ್ಟುತ್ತದೆ.

ಗ್ಯಾಸು ಕೆಡುವುದಿಲ್ಲ, ಹೊಗೆ ಕಡಿಮೆ, ಕಾರ್ಬೊರೇಟರ್ ಕಟ್ಟಿಕೊಳ್ಳುವ ರಗಳೆಯೂ ಇಲ್ಲ. ಕೇಳಲು ಚೆನ್ನಾಗಿದೆ. ಆದರೆ ನಮ್ಮ ಅಡಿಗೆಮನೆಯ 14.2 ಕೆ.ಜಿ. ಕೆಂಪು ಸಿಲಿಂಡರನ್ನು ಜನರೇಟರಿಗೆ ಹಾಕುವುದು ಕಾನೂನಿಗೆ ವಿರುದ್ಧ. 19 ಕೆ.ಜಿ. ಕಮರ್ಷಿಯಲ್ ಸಿಲಿಂಡರ್ ತೆಗೆದುಕೊಳ್ಳಬೇಕು. ಒಂದು ಯೂನಿಟ್ ಕರೆಂಟಿಗೆ ಅರ್ಧ ಕೆ.ಜಿ.ಗೆ ಹತ್ತಿರ ಗ್ಯಾಸು ಹೋಗುತ್ತದೆ. ಅದಕ್ಕೆಂದೇ ಕಂಪನಿಯಿಂದ ಮಾಡಿ ಬಂದ ಮೆಷಿನ್ನಾದರೆ ಸರಿ. ಪೆಟ್ರೋಲ್ ಮೆಷಿನ್ನಿಗೆ ಪೈಪು ಚುಚ್ಚಿ ಗ್ಯಾಸಿಗೆ ಮಾಡಿಕೊಡ್ತೇವೆ ಅನ್ನುವವರ ಮಾತಿಗೆ ಬೀಳಬೇಡಿ.

ಗೋಬರ್ ಗ್ಯಾಸ್ ಇರುವ ಮನೆಯವರು ಕೇಳುತ್ತಾರೆ, ಅದರಲ್ಲೇ ಓಡಿಸಬಹುದಲ್ಲ ಎಂದು. ಓಡುತ್ತದೆ. ಎರಡು ಘನ ಮೀಟರಿನ ಪ್ಲಾಂಟಿಗೆ ದಿನಕ್ಕೆ ಸುಮಾರು 50 ಕೆ.ಜಿ. ಸೆಗಣಿ ಬೇಕು. ಆ ಇಡೀ ದಿನದ ಗ್ಯಾಸಿನಿಂದ ಸಿಗುವುದು ಎರಡೂವರೆ, ಮೂರು ಯೂನಿಟ್ ಕರೆಂಟು. ಅಂದು ಒಲೆಗೆ ಗ್ಯಾಸಿಲ್ಲ. ಅನ್ನ ಬೇಯಿಸುವುದೋ ಗ್ರೈಂಡರ್ ತಿರುಗಿಸುವುದೋ ನೀವೇ ಹೇಳಿ. ಹತ್ತಿಪ್ಪತ್ತು ದನ ಕಟ್ಟಿದ ಡೈರಿಯವರು ಯೋಚಿಸಬಹುದಾದ ವಿಷಯ ಇದು.

ಗಂಟೆಯ ಲೆಕ್ಕ

ಹಾಗಾದರೆ ಪೆಟ್ರೋಲೋ ಡೀಸೆಲ್ಲೋ? ಇದನ್ನು ತೀರ್ಮಾನ ಮಾಡುವುದು ನಿಮ್ಮ ಭಾವನವರಲ್ಲ, ವರ್ಷಕ್ಕೆ ಎಷ್ಟು ಗಂಟೆ ಓಡಿಸುತ್ತೀರಿ ಎಂಬ ಲೆಕ್ಕ. ಪುಸ್ತಕ ಪೆನ್ನು ತನ್ನಿ, ಕೂತು ಹಾಕೋಣ. ಲೆಕ್ಕ ಸುಲಭವಾಗಲಿ ಎಂದು ಪೆಟ್ರೋಲಿಗೆ ರೂ. 100, ಡೀಸೆಲಿಗೆ ರೂ. 90 ಇಟ್ಟುಕೊಳ್ಳುತ್ತೇವೆ, ನಿಮ್ಮ ಬಂಕಿನ ದರ ನೀವು ಹಾಕಿಕೊಳ್ಳಿ. ಪೆಟ್ರೋಲ್ ಗಂಟೆಗೆ 1 ಲೀಟರ್, ಡೀಸೆಲ್ 0.6 ಲೀಟರ್. ಡೀಸೆಲ್ ಮೆಷಿನ್ನು 40,000 ರೂಪಾಯಿ ದುಬಾರಿ ಎಂದಿಟ್ಟುಕೊಳ್ಳೋಣ.

ಹಿಟ್ಟಿನ ಸಂಘದವರು ವರ್ಷದಲ್ಲಿ 40 ದಿನ, ದಿನಕ್ಕೆ 3 ಗಂಟೆ ಓಡಿಸುತ್ತಾರೆ. 120 ಗಂಟೆ. ಪೆಟ್ರೋಲಿನ ಖರ್ಚು 12,000. ಡೀಸೆಲ್ ಆದರೆ 72 ಲೀಟರ್, 6,480. ವರ್ಷಕ್ಕೆ ಉಳಿಯುವುದು 5,520 ರೂಪಾಯಿ. ಹೆಚ್ಚು ಕೊಟ್ಟ 40,000 ವಾಪಸು ಬರಲು ಏಳು ವರ್ಷಕ್ಕೂ ಮೇಲೆ ಬೇಕು, ಸಾಲದ ಬಡ್ಡಿ ಬೇರೆ. ಇವರಿಗೆ ಪೆಟ್ರೋಲೇ ಸರಿ.

ಅದೇ ಲೈನೇ ಸರಿಯಿಲ್ಲದ ಊರಿನಲ್ಲಿ ವರ್ಷಕ್ಕೆ 200 ದಿನ, ದಿನಕ್ಕೆ 4 ಗಂಟೆ ಓಡಿಸುವ ಸಂಘ ಇದ್ದರೆ 800 ಗಂಟೆ. ಪೆಟ್ರೋಲಿಗೆ 80,000, ಡೀಸೆಲಿಗೆ 43,200. ಒಂದು ವರ್ಷ ಒಂದು ತಿಂಗಳಲ್ಲಿ ಹೆಚ್ಚು ಕೊಟ್ಟದ್ದು ಕೈಗೆ ಬಂತು. ಇವರಿಗೆ ಡೀಸೆಲ್. ಎರಡೂ ಸಂಘದವರು ಒಬ್ಬರನ್ನೊಬ್ಬರು ನೋಡಿ ಕೊಂಡರೆ ಇಬ್ಬರೂ ಕೆಡುತ್ತಾರೆ.

ಇನ್ನೊಂದನ್ನೂ ಗಮನಿಸಿದಿರಾ? ಒಂದು ಗಂಟೆಗೆ ಸಾವಿರ ವ್ಯಾಟ್ ಅಂದರೆ ಒಂದು ಯೂನಿಟ್. ಪೆಟ್ರೋಲಿನ ಜನರೇಟರಿನಲ್ಲಿ ಆ ಒಂದು ಯೂನಿಟ್ಟಿಗೆ ನೂರು ರೂಪಾಯಿ ಬಿತ್ತು! ಆದ್ದರಿಂದ ಗ್ರೈಂಡರ್ ತಿರುಗುವ ಹೊತ್ತಿನಲ್ಲೇ ಇನ್ವರ್ಟರ್ ಬ್ಯಾಟರಿ, ಮೊಬೈಲು ಎಲ್ಲ ಚಾರ್ಜಿಗೆ ಹಾಕಿ, ಟ್ಯಾಂಕಿಗೆ ನೀರು ಏರಿಸಿಕೊಂಡು ನಿಲ್ಲಿಸಿಬಿಡಿ. ಟಿ.ವಿ. ನೋಡಲು ಜನರೇಟರ್ ಓಡಿಸುವುದು ತುಪ್ಪದಲ್ಲಿ ಕೈ ತೊಳೆದಂತೆ.

ನಮ್ಮದೇ ತಪ್ಪು

ಯಾವ ಎಣ್ಣೆಯಾದರೂ ಸರಿ, ಇನ್ನು ಮುಂದಿನದ್ದನ್ನು ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ.

ಕೆಲವು ವರ್ಷಗಳ ಹಿಂದೆ ನಮ್ಮ ಒಂದು ಸಂಘದವರು ಮದುವೆ ಆರ್ಡರಿಗೆ ಚಕ್ಕುಲಿ, ಕೋಡುಬಳೆ ಮಾಡುತ್ತಿದ್ದರು. ಜೋರು ಮಳೆ. ಬಾಡಿಗೆಗೆ ತಂದ ಪೆಟ್ರೋಲ್ ಜನರೇಟರ್ ಅಂಗಳದಲ್ಲಿ ನೆನೆಯುತ್ತದೆ ಎಂದು ಎಲ್ಲಿಡುವುದೆಂದು ಕೇಳಿದರು. "ಹಿಂದಿನ ಚಾವಡಿಗೆ ಇಡಿ, ಬಾಗಿಲು ಸ್ವಲ್ಪ ತೆಗೆದಿಟ್ಟರಾಯ್ತು" ಎಂದು ಹೇಳಿದ್ದು ನಮ್ಮ ಕಾರ್ಯಕರ್ತೆಯೇ. ಇರಚಲು ಬರುತ್ತದೆಂದು ಯಾರೋ ಆ ಬಾಗಿಲನ್ನೂ ಎಳೆದರು. ಒಂದು ಗಂಟೆ ಕಳೆಯುವಷ್ಟರಲ್ಲಿ ಇಬ್ಬರಿಗೆ ತಲೆನೋವು. ಎಣ್ಣೆಯ ಘಾಟಿಗೆ ಹಾಗಾಗುತ್ತೆ ಅಂದುಕೊಂಡರು. ಒಬ್ಬ ಅಕ್ಕ ವಾಂತಿ ಮಾಡಿಕೊಂಡರು. ಪಿತ್ತ ಎಂದು ನಿಂಬೆ ಪಾನಕ ಕೊಟ್ಟು ಅದೇ ಕೋಣೆಯಲ್ಲಿ ಮಲಗಿಸಿದರು. ಶಾಲೆಯಿಂದ ಬಂದ ಹುಡುಗನೊಬ್ಬ ಬಾಗಿಲು ತೆಗೆದು, "ಅಮ್ಮಾ, ಇದೇನು ಇಷ್ಟು ಹೊಗೆ ವಾಸನೆ" ಎಂದು ಕೂಗಿದ ಮೇಲೆಯೇ ಎಲ್ಲರೂ ಹೊರಗೆ ಬಂದದ್ದು. ಮಲಗಿದ್ದ ಅಕ್ಕನನ್ನು ಎತ್ತಿಕೊಂಡು ಬರಬೇಕಾಯಿತು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು, ಬದುಕಿದರು. ಆ ಕಾರ್ಯಕರ್ತೆ ಅಂದು ರಾತ್ರಿ ಮನೆಗೆ ಹೋಗಲಿಲ್ಲ, ಆಸ್ಪತ್ರೆಯ ಬೆಂಚಿನ ಮೇಲೇ ಕುಳಿತಿದ್ದರು. ಅವರಿಗೆ ತಿಳಿಸಿಕೊಡದೆ ಕಳಿಸಿದವರು ನಾವು.

ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹುಡುಗನಿಗೆ ಬಂದದ್ದು ಹೊಗೆಯ ವಾಸನೆ, ವಿಷದ್ದಲ್ಲ. ಒಳಗಿದ್ದವರ ಮೂಗು ಅದಕ್ಕೂ ಒಗ್ಗಿಹೋಗಿತ್ತು. ಈ ಗಾಳಿ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಂತಿ, ಕಾಲು ಸೋಲುವುದು, ಆಮೇಲೆ ನಿದ್ದೆ. ನಿದ್ದೆಯಿಂದ ಏಳದೆ ಹೋದವರಿದ್ದಾರೆ. ಗ್ಯಾಸಿನ ಮೆಷಿನ್ನಿನಲ್ಲೂ ಇದು ಬರುತ್ತದೆ, 'ಹೊಗೆಯಿಲ್ಲದ್ದು' ಎಂದು ಒಳಗಿಡುವಂತಿಲ್ಲ. ಕಿಟಕಿ ತೆಗೆದಿಟ್ಟರೆ ಸಾಲದು, ಫ್ಯಾನ್ ಹಾಕಿದರೂ ಸಾಲದು.

ಜನರೇಟರ್ ಹೊರಗೇ ಇರಬೇಕು. ಕಿಟಕಿ ಬಾಗಿಲಿನಿಂದ ಇಪ್ಪತ್ತು ಅಡಿ ದೂರ, ಹೊಗೆ ಕೊಳವೆ ಮನೆಗೆ ಬೆನ್ನು ಹಾಕಿ. ಮಳೆಗೆ ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹಾಕಿ, ಪಕ್ಕಕ್ಕೆ ಗೋಡೆ ಬೇಡ. ನೆಲದಿಂದ ಎರಡು ಕಲ್ಲಿನೆತ್ತರಕ್ಕೆ ಕಟ್ಟೆ ಮಾಡಿ. ಓಡುತ್ತಿರುವ ಮೆಷಿನ್ನಿನ ಮೇಲೆ ಟಾರ್ಪಾಲು ಹೊದಿಸಬೇಡಿ. ಈ ಮಾಡಿನ ಖರ್ಚನ್ನೂ ಸಾಲದ ಅರ್ಜಿಯಲ್ಲೇ ಸೇರಿಸಿ ಬರೆಯಿರಿ, ಆಮೇಲೆ ನೋಡೋಣ ಎಂದು ಬಿಟ್ಟದ್ದು ಆಗುವುದೇ ಇಲ್ಲ. ಯಾರಿಗಾದರೂ ತಲೆಸುತ್ತು ಬಂದರೆ ಪಾನಕ ಮಾಡುತ್ತ ನಿಲ್ಲಬೇಡಿ. ಎಲ್ಲರೂ ಕೂಡಲೇ ಬಯಲಿಗೆ ಬನ್ನಿ, 108ಕ್ಕೆ ಫೋನ್ ಮಾಡಿ, ಜನರೇಟರ್ ಓಡುತ್ತಿತ್ತು ಎಂದು ಡಾಕ್ಟರಿಗೆ ಮರೆಯದೆ ಹೇಳಿ.

ಎಣ್ಣೆ ಹಾಕುವಾಗ ಮೆಷಿನ್ ನಿಲ್ಲಿಸಿ, ಕಾಲು ಗಂಟೆ ಆರಲು ಬಿಟ್ಟು ಹಾಕಿ. ಬೆಳಕಿಗೆ ಟಾರ್ಚು, ಚಿಮಣಿ ದೀಪ ಅಲ್ಲ.

ಲೈನ್‌ಮನ್ನಿನ ಜೀವದ ಮಾತೂ ಇದೆ. ಎರಡೂ ಕಡೆ ಪಿನ್ ಇರುವ ವಯರು ಮಾಡಿ ಜನರೇಟರಿನ ಕರೆಂಟನ್ನು ಮನೆಯ ಪ್ಲಗ್ಗಿಗೆ ಚುಚ್ಚುವವರನ್ನು ನಾವು ಕಂಡಿದ್ದೇವೆ. ಆ ಕರೆಂಟು ಮೀಟರ್ ದಾಟಿ ಹಿಂದಕ್ಕೆ ಹೋಗಿ, ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟ್ ಆಗಿ ಲೈನಿಗೆ ಏರುತ್ತದೆ. ಲೈನು ಆಫ್ ಇದೆ ಎಂದು ನಂಬಿ ಕಂಬ ಹತ್ತಿದವನ ಗತಿ ಏನು? ಒಂದೋ ಗ್ರೈಂಡರಿನ ವಯರನ್ನು ನೇರವಾಗಿ ಜನರೇಟರಿಗೇ ಹಾಕಿ, ಇಲ್ಲವೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಿಂದ ಚೇಂಜ್ ಓವರ್ ಸ್ವಿಚ್ ಮತ್ತು ಅರ್ತಿಂಗ್ ಹಾಕಿಸಿಕೊಳ್ಳಿ.

ಹಿಟ್ಟಿನ ಸಂಘದವರು ಸೀಮೆಎಣ್ಣೆ ಮೆಷಿನ್ನನ್ನು ಬಿಟ್ಟಿದ್ದಾರೆ. ಈ ಮಳೆಗಾಲಕ್ಕೆ ಪೆಟ್ರೋಲಿನದ್ದನ್ನು ಬಾಡಿಗೆಗೆ ತಂದು, ಓಡಿದ ಗಂಟೆ ಮತ್ತು ಹಾಕಿದ ಲೀಟರ್ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ದೀಪಾವಳಿ ಕಳೆದ ಮೇಲೆ ಕೊಳ್ಳುವ ಮಾತು ಆಡುತ್ತಾರಂತೆ.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಮೂರು ವಿಷಯ ಬರೆದು ತನ್ನಿ: ಹೋದ ಮಳೆಗಾಲದಲ್ಲಿ ನಿಮ್ಮಲ್ಲಿ ಕರೆಂಟು ಇಲ್ಲದ ದಿನಗಳೆಷ್ಟು, ಆಗ ನಡೆಯಲೇಬೇಕಾಗಿದ್ದ ಸಾಮಾನು ಯಾವುದು ಮತ್ತು ಅದರ ವ್ಯಾಟ್ ಎಷ್ಟು, ನಿಮ್ಮ ಮನೆಯಿಂದ ಬಂಕು ಎಷ್ಟು ದೂರ. ಓದು ಬರಹ ಬಾರದ ಅಮ್ಮಂದಿರು ಮಕ್ಕಳ ಕೈಯಲ್ಲಿ ಬರೆಸಿ ತಂದರೆ ಸಾಕು.